ನಮ್ಮ ಬೆಟ್ಟದ ಕತೆ ಇಂಗ್ಲಿಷಲ್ಲೇ ಯಾಕೆ ಸಿಗುತ್ತೆ?

ಮಂಜರಾಬಾದ್ ಕೋಟೆಯ ಡ್ರೋನ್ ರೀಲ್ಸ್ ನೋಡದವರು ನಮ್ಮ ಕ್ಯಾಂಪಸ್ಸಿನಲ್ಲಿ ಯಾರೂ ಇಲ್ಲ. ಎಂಟು ಮೂಲೆಯ ನಕ್ಷತ್ರ, ಸುತ್ತ ಮಂಜು, ಹಿಂದೆ ಯಾವುದೋ ಸಿನಿಮಾ ಹಾಡು. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು, ಯುರೋಪಿನ ಕೋಟೆಗಳ ಮಾದರಿ ಅನ್ನೋದೂ ಸಿವಿಲ್ ಬ್ರಾಂಚಿನವರಿಗೆ ಬಾಯಿಪಾಠ. ಅಲ್ಲಿಗೆ ಇತಿಹಾಸ ಮುಗೀತು. ಅದಕ್ಕಿಂತ ಮುಂಚೆ ಸಕಲೇಶಪುರ, ಆಲೂರಿನ ಈ ಬೆಟ್ಟಗಳಲ್ಲಿ ಯಾರಿದ್ರು, ಏನು ಬೆಳೀತಿದ್ರು, ಯಾರಿಗೆ ತೆರಿಗೆ ಕಟ್ತಿದ್ರು ಅಂತ ಕೇಳಿ ನೋಡಿ. ನಮ್ಮ ಕ್ಲಬ್ಬಿನಲ್ಲಿರೋ ಆ ಕಡೆಯ ಹುಡುಗ ಹುಡುಗಿಯರೂ ಫೋನ್ ತೆಗೀತಾರೆ. ಫೋನ್ ಕೊಡೋ ಉತ್ತರ ಇಂಗ್ಲಿಷಲ್ಲಿರುತ್ತೆ.

ಆ ಇಂಗ್ಲಿಷಿನ ಬಾಲ ಹಿಡ್ಕೊಂಡು ಹಿಂದಕ್ಕೆ ಹೋದರೆ ಸ್ಕಾಟ್ಲೆಂಡ್ ತಲುಪ್ತೀವಿ. ಮಂಜರಾಬಾದ್ ಸೀಮೆಯ ಕಾಫಿ ತೋಟಗಳ ಬಗ್ಗೆ 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕ ಬರೆದ ಪ್ಲಾಂಟರ್ ರಾಬರ್ಟ್ ಎಲಿಯಟ್ ಸ್ಕಾಟ್ಲೆಂಡಿನ ಕೆಲ್ಸೊ ಕಡೆಯವನು. ಅವನಿಗಿಂತ ಎಷ್ಟೋ ಮುಂಚೆ ಬಂದ ಕಾಲಿನ್ ಮೆಕೆಂಜಿ ಅದೇ ದೇಶದ ಸ್ಟಾರ್ನೋವೇ ಊರಿನವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ರಾಜ್ಯದ ಸರ್ವೆ ಮಾಡೋಕೆ ಬಂದವನು ನಕ್ಷೆ ಬರೆದು ಸುಮ್ಮನಾಗಲಿಲ್ಲ. ಊರೂರಿನ ಶಾನುಭೋಗರು, ಗೌಡರು, ಪೂಜಾರಿಗಳು ಹೇಳಿದ್ದನ್ನ ಬರೆಸಿ ಇಟ್ಕೊಂಡ. ಅವೇ ಕೈಫಿಯತ್ತುಗಳು. ಬಿಸಿಲಲ್ಲಿ ಓಡಾಡಿ ಬರ್ಕೊಂಡವರು ಕಾವಲಿ ವೆಂಕಟ ಬೋರಯ್ಯ, ಅವರ ತಮ್ಮ ಲಕ್ಷ್ಮಯ್ಯ, ಜೈನ ಪಂಡಿತ ಧರ್ಮಯ್ಯನಂಥವರು. ಹೆಸರು ಮಾತ್ರ ಮೆಕೆಂಜಿ ಸಂಗ್ರಹ. (ಪ್ರಾಜೆಕ್ಟ್ ಗೈಡ್ ಹೆಸರು ಮೊದಲು ಬರೋದು ಹೊಸದೇನಲ್ಲ ಬಿಡಿ.) 1828ರಲ್ಲಿ ಅಚ್ಚಾದ ಅದರ ಪಟ್ಟಿಯಲ್ಲಿ 1568 ಹಸ್ತಪ್ರತಿ, 8076 ಶಾಸನಗಳ ಲೆಕ್ಕ ಇದೆ. ಆ ಸಂಗ್ರಹದ ಒಂದು ಪಾಲು ಲಂಡನ್ನಿಗೆ ಹೋಯ್ತು, ಒಂದು ಪಾಲು ಚೆನ್ನೈನಲ್ಲಿ ಉಳೀತು. ಕನ್ನಡದ ಕೈಫಿಯತ್ತುಗಳು ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಪುಸ್ತಕವಾಗಿ ಬಂದದ್ದು ಇನ್ನೂರು ವರ್ಷದ ಹತ್ತಿರ ಆದಮೇಲೆ.

ನಮ್ಮ ಕತೆ ಬರೆಸ್ಕೊಂಡ ಈ ಸ್ಕಾಟ್ಲೆಂಡಿನವರು ತಮ್ಮ ಕತೆ ಹೇಗೆ ಬರ್ಕೊಂಡಿದ್ರು ಅಂತ ನಮಗೆ ಕುತೂಹಲ ಆಯ್ತು. ಹುಡುಕಿದಾಗ ಸಿಕ್ಕಿದ್ದು ಸ್ಕಾಟಿಕ್ರಾನಿಕನ್ ಅನ್ನೋ ಲ್ಯಾಟಿನ್ ಗ್ರಂಥ. 14ನೇ ಶತಮಾನದಲ್ಲಿ ಜಾನ್ ಆಫ್ ಫೋರ್ಡನ್ ಶುರು ಮಾಡಿದ್ದನ್ನ 1440ರ ದಶಕದಲ್ಲಿ ವಾಲ್ಟರ್ ಬವರ್ ಅನ್ನೋ ಮಠಾಧಿಪತಿ ಹಿಗ್ಗಿಸಿ, ಮುಂದುವರಿಸಿ 16 ಭಾಗ ಮಾಡಿದ. ಬವರ್‌ನ ಮಠ ಇದ್ದದ್ದು ಇಂಚ್‌ಕಾಮ್ ಅನ್ನೋ ಪುಟ್ಟ ದ್ವೀಪದಲ್ಲಿ. ಅವನ ಕಾಲದ ಪ್ರತಿ ಈಗ ಕೇಂಬ್ರಿಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿನಲ್ಲಿದೆ.

ಒಳಗೇನಿದೆ ಅನ್ನೋದೇ ಮಜಾ. ಕತೆ ಶುರುವಾಗೋದು ಸ್ಕಾಟ್ಲೆಂಡಲ್ಲಿ ಅಲ್ಲ, ಈಜಿಪ್ಟಿನಲ್ಲಿ! ಫೇರೋ ದೊರೆಯ ಮಗಳು ಸ್ಕೋಟಾ, ಅವಳ ಗಂಡ ಗ್ರೀಕ್ ರಾಜಕುಮಾರ. ಇಬ್ಬರೂ ದೇಶ ಬಿಟ್ಟು ಹಡಗು ಹತ್ತಿ ಹೊರಡ್ತಾರೆ, ಅವರ ವಂಶದವರೇ ಸ್ಕಾಟರು. ಆಮೇಲೆ ರಾಜರ ಮೇಲೆ ರಾಜರು, ಸಂತರು, ಯುದ್ಧಗಳು. 1314ರ ಬ್ಯಾನಕ್‌ಬರ್ನ್ ಯುದ್ಧ ಇದೆ. ರಾಬಿನ್ ಹುಡ್ ಕೂಡ ಬಂದು ಹೋಗ್ತಾನೆ, ನಮ್ಮ ಪಠ್ಯಪುಸ್ತಕದ ಒಳ್ಳೇ ಕಳ್ಳನಾಗಿ ಅಲ್ಲ, ಕೊಲೆಗಡುಕನಾಗಿ. 1437ರಲ್ಲಿ ಒಂದನೇ ಜೇಮ್ಸ್ ರಾಜ ಕೊಲೆಯಾಗೋವರೆಗೆ ಗ್ರಂಥ ನಡೆಯುತ್ತೆ. ನಡುವೆ ಒಂದು ಚಿತ್ರ: 1249ರಲ್ಲಿ ಏಳು ವರ್ಷದ ಹುಡುಗ ಮೂರನೇ ಅಲೆಕ್ಸಾಂಡರ್‌ಗೆ ಪಟ್ಟ ಆಗ್ತಿದೆ, ಬೆಟ್ಟದ ಸೀಮೆಯಿಂದ ಬಂದ ಮುದುಕನೊಬ್ಬ ಗೇಲಿಕ್ ಭಾಷೆಯಲ್ಲಿ ಹುಡುಗನ ವಂಶಾವಳಿ ಒಪ್ಪಿಸ್ತಿದ್ದಾನೆ. ಇದನ್ನ ನೋಡಿದಾಗ ನಮ್ಮಲ್ಲಿ ಹಳ್ಳಿಯಿಂದ ಬಂದವರಿಗೆಲ್ಲ ಹೆಳವರ ನೆನಪಾಯ್ತು. ಎತ್ತಿನ ಮೇಲೆ ಬಂದು, ಜಗಲಿಯಲ್ಲಿ ಕೂತು, ಮನೆತನದ ತಲೆಮಾರು ತಲೆಮಾರಿನ ಹೆಸರು ಹೇಳಿ ಕಾಳು ಇಸ್ಕೊಂಡು ಹೋಗೋ ಹೆಳವರು. ಕೆಲಸ ಅದೇ, ಊರು ಬೇರೆ.

ಈಜಿಪ್ಟಿನ ಕತೆ ಕೇಳಿ ನಗೋದು ಸುಲಭ. ಆದರೆ ಅದು ಸುಮ್ಮನೆ ಹುಟ್ಟಿದ್ದಲ್ಲ. ಬ್ರಿಟನ್ ದ್ವೀಪವನ್ನ ಮೊದಲು ಆಳಿದವನು ಟ್ರಾಯ್ ನಗರದ ಬ್ರೂಟಸ್, ಅವನ ಹಿರೀಮಗನ ಪಾಲೇ ಇಂಗ್ಲೆಂಡ್, ಹಾಗಾಗಿ ಸ್ಕಾಟ್ಲೆಂಡ್ ನಮ್ಮ ಕೈಕೆಳಗೆ ಅಂತ ಇಂಗ್ಲೆಂಡಿನ ಒಂದನೇ ಎಡ್ವರ್ಡ್ 1301ರಲ್ಲಿ ಪೋಪ್‌ಗೆ ಕಾಗದ ಬರೆದಿದ್ದ. ಅದಕ್ಕೂ ಮುಂಚೆ, 1296ರಲ್ಲೇ, ಸ್ಕಾಟರ ಪಟ್ಟದ ಕಲ್ಲನ್ನೂ ದಾಖಲೆಗಳನ್ನೂ ಹೊತ್ಕೊಂಡು ಹೋಗಿದ್ದ. ಸ್ಕಾಟರು ಏನು ಮಾಡಬೇಕು? ನಿಮ್ಮ ಬ್ರೂಟಸ್‌ಗೂ ನಮಗೂ ಸಂಬಂಧವೇ ಇಲ್ಲ, ನಾವು ಬಂದದ್ದು ಸ್ಕೋಟಾಳ ವಂಶದಿಂದ ಅಂತ ಅದೇ ಪೋಪ್ ಮುಂದೆ ವಾದ ಹೂಡಿದ್ರು. ಒಂದು ಪುರಾಣಕ್ಕೆ ಇನ್ನೊಂದು ಪುರಾಣದ ತಡೆಯಾಜ್ಞೆ. ಪೋಪ್ ಓದೋ ಭಾಷೆ ಲ್ಯಾಟಿನ್, ಹಾಗಾಗಿ ಇದೆಲ್ಲ ಲ್ಯಾಟಿನ್‌ನಲ್ಲಿ.

ಈಗ ಮನೆಗೆ ಬನ್ನಿ. ಹೊಯ್ಸಳರ ಯಾವುದಾದ್ರೂ ದೊಡ್ಡ ಶಾಸನ ತಗೊಳ್ಳಿ. ಮೊದಲು ದೇವರ ಸ್ತುತಿ. ಆಮೇಲೆ ವಿಷ್ಣು, ಬ್ರಹ್ಮ, ಅತ್ರಿ, ಚಂದ್ರ ಅಂತ ಇಳಿದು ಯದುವಿನ ತನಕ ಬಂದು, ಅಲ್ಲಿಂದ ಸಳನ ಕತೆ. ಸೊಸೆವೂರಿನಲ್ಲಿ ಜೈನ ಮುನಿ ಹೊಡಿ ಅಂದದ್ದು, ಸಳ ಹುಲಿ ಹೊಡೆದದ್ದು. ನಂತರ ವಿನಯಾದಿತ್ಯ, ಎರೆಯಂಗ, ವಿಷ್ಣುವರ್ಧನ. ಆ ಸೊಸೆವೂರು ಬೇರೆಲ್ಲೂ ಅಲ್ಲ, ಸಕಲೇಶಪುರದ ಪಕ್ಕದ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಅಂದ್ರೆ ಹೊಯ್ಸಳರು ಇದೇ ಬೆಟ್ಟದ ಜನ. ರಾಜ್ಯ ದೊಡ್ಡದಾಗಿ, ಚಾಲುಕ್ಯರು, ಚೋಳರ ಸಮಕ್ಕೆ ನಿಲ್ಲೋವಾಗ ಬರೀ ಬೆಟ್ಟದವರು ಅಂದ್ರೆ ಮರ್ಯಾದೆ ಸಾಲದು. ಯಾದವರು, ದ್ವಾರಾವತಿಯವರು ಆಗ್ಬೇಕು. ಸ್ಕೋಟಾ ಮಾಡಿದ ಕೆಲಸವನ್ನೇ ಇಲ್ಲಿ ಯದು ಮಾಡಿದ್ದಾನೆ.

ಆದರೂ ಬೆಟ್ಟ ಅವರನ್ನ ಬಿಡಲಿಲ್ಲ. ಹೊಯ್ಸಳರ ಬಿರುದುಗಳಲ್ಲಿ ಒಂದು ಮಲೆಪರೊಳ್ಗಂಡ. ಮಲೆಪರು ಅಂದ್ರೆ ಮಲೆಯ ಒಡೆಯರು, ನಮ್ಮ ಈ ಬೆಟ್ಟಗಳ ಸಣ್ಣಪುಟ್ಟ ನಾಯಕರು. ಅವರೊಳಗೆ ಗಂಡು ನಾನು ಅಂತ ಬಿರುದು. ಸೋತ ಮಲೆಪರ ಕತೆ ಅವರದೇ ಬಾಯಲ್ಲಿ ಎಲ್ಲಿದೆ? ಗೆದ್ದವರ ಬಿರುದಿನೊಳಗೆ ಒಂದು ಪದವಾಗಿ ಉಳಿದಿದ್ದಾರೆ, ಅಷ್ಟೇ.

ನಮ್ಮಲ್ಲಿ ಎರಡು ಪಾರ್ಟಿ ಇವೆ. ಒಂದು, ಹುಲಿ ಕತೆ, ಚಂದ್ರವಂಶ ಎಲ್ಲ ಸುಳ್ಳು, ಬಿಸಾಕಿ ಅನ್ನೋರು. ಇನ್ನೊಂದು, ಅಕ್ಷರ ಅಕ್ಷರ ನಿಜ ಅಂತ ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿಯಿಡೀ ಜಗಳ ಆಡೋರು. ಎರಡೂ ಪಾರ್ಟಿಯವರು ಶಾಸನದ ಮೇಲಿನ ಅರ್ಧಕ್ಕೇ ನಿಂತುಬಿಡ್ತಾರೆ ಅನ್ನೋದು ನಮ್ಮ ತಕರಾರು. ಕೆಳಗಿನ ಅರ್ಧದಲ್ಲಿ ಭಾಷೆಯೇ ಬದಲಾಗುತ್ತೆ. ಸಂಸ್ಕೃತದ ಶ್ಲೋಕ, ಉದ್ದುದ್ದ ಸಮಾಸ ಎಲ್ಲ ಮುಗಿದು, ನೆಲದ ಲೆಕ್ಕ ಬಂದ ಕೂಡಲೇ ಕನ್ನಡ ಬರುತ್ತೆ. ಮೂಡಲಿಗೆ ಆ ಕೆರೆ, ತೆಂಕಲಿಗೆ ಆ ಬಂಡೆ, ಪಡುವಲಿಗೆ ಹುಣಸೆ ಮರ. ಗದ್ದೆ ಇಷ್ಟು ಸಲಗೆ, ಬೆದ್ದಲು ಇಷ್ಟು ಕೊಳಗ. ಗಾಣದೆರೆ, ಮಗ್ಗದೆರೆ, ಮದುವೆದೆರೆ. ಹೌದು, ಮದುವೆಗೂ ತೆರಿಗೆ ಇತ್ತು. ರಾಜರನ್ನ ಮೆಚ್ಚಿಸೋಕೆ ಬರೆಯೋವಾಗ ಕವಿ ಏನು ಬೇಕಾದ್ರೂ ಸೇರಿಸಬಹುದು. ಗದ್ದೆಯ ಎಲ್ಲೆಯಲ್ಲಿ ಇಲ್ಲದ ಹುಣಸೆ ಮರ ಸೇರಿಸಿದ್ರೆ ಪಕ್ಕದ ಗದ್ದೆಯವನು ಬಿಡ್ತಾನಾ? ನಮಗೆ ನಂಬಿಕೆ ಬರೋದು ಅಲ್ಲಿ. ಊರಿನ ಹೆಸರು, ಮರದ ಹೆಸರು, ಅಳತೆ, ಎಣ್ಣೆ ತೆಗೆಯೋರು, ನೇಯೋರು, ಎಲ್ಲ ಅಲ್ಲಿದ್ದಾರೆ. ಕೊಳಗ, ಖಂಡುಗ ಅನ್ನೋ ಪದ ನಮ್ಮ ಅಜ್ಜಿಯರ ಬಾಯಲ್ಲಿ ಇನ್ನೂ ಇದೆ.

ಈ ಕೆಳಗಿನ ಅರ್ಧ ನಮಗೆ ಓದೋಕೆ ಬರಲ್ಲ ಅನ್ನೋದೇ ಕಷ್ಟ. ಹಾಸನ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಐದನೇ ಸಂಪುಟದಲ್ಲಿ 1902ರಲ್ಲೇ ಅಚ್ಚಾಗಿವೆ, ಬಿ.ಎಲ್. ರೈಸ್ ಸಂಪಾದಿಸಿದ್ದು. ಕನ್ನಡ ಅಕ್ಷರದಲ್ಲಿ ಮೂಲ, ರೋಮನ್ ಅಕ್ಷರದಲ್ಲಿ ಒಂದು ಸಲ, ಜೊತೆಗೆ ಇಂಗ್ಲಿಷ್ ಅನುವಾದ. ಪಿಡಿಎಫ್ ಪುಕ್ಕಟೆ ಸಿಗುತ್ತೆ. ನಾವು ಇಂಗ್ಲಿಷ್ ಮೀಡಿಯಂನವರು ಅದನ್ನ ತೆರೆದರೆ ಕಣ್ಣು ನೇರ ಇಂಗ್ಲಿಷ್ ಭಾಗಕ್ಕೆ ಹೋಗುತ್ತೆ. ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮ ಗೆಳೆಯರೂ ಮೂಲದಲ್ಲಿ ನಾಲ್ಕು ಸಾಲು ದಾಟೋಕೆ ಒದ್ದಾಡ್ತಾರೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಕನ್ನಡದ ಹೆಮ್ಮೆ ಅಂತ ನವೆಂಬರ್ ಒಂದಕ್ಕೆ ಭಾಷಣ ಮಾಡ್ತೀವಿ, ಅದರಲ್ಲಿ ಏನು ಬರೆದಿದೆ ಅಂತ ಕೇಳಿದ್ರೆ ವೇದಿಕೆ ಮೇಲಿರೋರು ನೀರು ಕುಡೀತಾರೆ.

ಸ್ಕಾಟ್ಲೆಂಡಿನ ಹುಡುಗರಿಗೂ ಇವತ್ತು ಲ್ಯಾಟಿನ್ ಬರಲ್ಲ. ಅವರು ಏನು ಮಾಡಿದ್ರು ಅಂದ್ರೆ, ಡಿ.ಇ.ಆರ್. ವಾಟ್ ಅನ್ನೋ ಪ್ರಾಧ್ಯಾಪಕರ ನೇತೃತ್ವದಲ್ಲಿ 1987ರಿಂದ 1998ರವರೆಗೆ ಕೂತು, ಬವರ್‌ನ ಅಷ್ಟೂ ಗ್ರಂಥವನ್ನ 9 ಸಂಪುಟಗಳಲ್ಲಿ, ಲ್ಯಾಟಿನ್ ಎದುರಿಗೇ ಇಂಗ್ಲಿಷ್ ಇಟ್ಟು ತಂದ್ರು. ಸ್ಕೋಟಾ ಕತೆಯನ್ನ ನಾಚಿಕೆಪಟ್ಟು ತೆಗೆದುಹಾಕಲಿಲ್ಲ. ಎಲ್ಲಿಂದ ಬಂತು ಅಂತ ಟಿಪ್ಪಣಿ ಕೊಟ್ಟು ಹಾಗೇ ಉಳಿಸಿದ್ರು. ನಮಗೆ ಬೇಕಾಗಿರೋದೂ ಇಷ್ಟೇ: ಮೂಲದ ಎದುರಿಗೆ ಇವತ್ತಿನ ಕನ್ನಡ, ಹಾಸ್ಟೆಲ್ಲಿನಲ್ಲಿ ಕೂತು ಓದಿದ್ರೆ ಅರ್ಥ ಆಗೋ ಅಂಥದ್ದು.

ಇಂಟರ್ನಲ್ಸ್, ಪ್ಲೇಸ್‌ಮೆಂಟ್ ನಡುವೆ ಇದೆಲ್ಲ ಯಾಕೆ ಅನ್ನೋರಿಗೆ ಒಬ್ಬನ ವಿಷಯ ಹೇಳ್ತೀವಿ. ಬಲಂ ಅನ್ನೋದು ಸಕಲೇಶಪುರ ಸೀಮೆಯ ಹಳೇ ಹೆಸರು. ಐಗೂರಿನ ಪಾಳೆಯಗಾರರ ನಾಡು. ಟಿಪ್ಪು ಸತ್ತ ಮೇಲೆ ಇಡೀ ಮೈಸೂರು ತಣ್ಣಗಾದ್ರೂ ಇಲ್ಲಿನ ಕೃಷ್ಣಪ್ಪ ನಾಯಕ ಬಗ್ಗಲಿಲ್ಲ. ಶ್ರೀರಂಗಪಟ್ಟಣದಿಂದ ಮಂಗಳೂರಿಗೆ ಹೋಗೋ ಘಟ್ಟದ ದಾರಿಗೆ ಅವನ ಕಾಡೇ ಅಡ್ಡ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ, ಅಂದ್ರೆ ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದ ಅದೇ ಮನುಷ್ಯ, ಅರಕೆರೆಯ ಕಾಡುಕೋಟೆಗೆ ನುಗ್ಗಿದ. ಫೆಬ್ರುವರಿಯಲ್ಲಿ ನಾಯಕ ಸಿಕ್ಕಿಬಿದ್ದ, ಗಲ್ಲಿಗೆ ಹಾಕಿದ್ರು. ಇದು ನಮಗೆ ಗೊತ್ತಿರೋದು ವೆಲ್ಲೆಸ್ಲಿಯ ಪತ್ರಗಳಿಂದ. ಅಲ್ಲಿ ಕೃಷ್ಣಪ್ಪ ನಾಯಕನ ಹೆಸರು 'ಬುಲ್ಲಂ ರಾಜ'. ಬಲಂ ಅನ್ನೋದು ಬುಲ್ಲಂ ಆಗಿದೆ, ಮನುಷ್ಯನ ಹೆಸರು ಬಿಟ್ಟೇಹೋಗಿದೆ. ಕನ್ನಡದಲ್ಲಿ ಹುಡುಕಿದ್ರೆ ಒಂದೆರಡು ಪ್ಯಾರಾ, ಅದೂ ಅದೇ ಪತ್ರಗಳ ಅನುವಾದ. ಅವನು ಯಾಕೆ ಬಗ್ಗಲಿಲ್ಲ? ಕಾಡಿನ ಜನ ಅವನ ಪರ ಯಾಕೆ ನಿಂತ್ರು? ಗಲ್ಲಿಗೆ ಹಾಕಿದವನ ಪತ್ರ ಇದಕ್ಕೆ ಉತ್ತರ ಹೇಳಲ್ಲ, ಹೇಳೋ ದರ್ದು ಅವನಿಗಿಲ್ಲ. ಮಂಜರಾಬಾದ್ ರೀಲ್ಸ್‌ನ ಹಿಂದೆ ಕಾಣೋ ಕಾಡು ಈ ಜಗಳ ನಡೆದ ಸೀಮೆ.

ಸೋತವರ ಕಡೆಯ ದಾಖಲೆ ಪೂರ್ತಿ ಇಲ್ಲ ಅಂತಲ್ಲ. ಆಲೂರು, ಸಕಲೇಶಪುರ ಕಡೆ ತೋಟದ ಬೇಲಿ ಪಕ್ಕ, ಗದ್ದೆ ಬದುವಿನಲ್ಲಿ ನಿಂತಿರೋ ವೀರಗಲ್ಲುಗಳೇ ದಾಖಲೆ. ಹುಲಿ ಜೊತೆ, ದನ ಹೊಡ್ಕೊಂಡು ಹೋಗೋಕೆ ಬಂದವರ ಜೊತೆ ಹೋರಾಡಿ ಸತ್ತವರ ಕಲ್ಲು. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಎತ್ಕೊಂಡು ಹೋಗೋದು, ಮೇಲೆ ಕೈಲಾಸ. ಓದಬೇಕಾದ್ದು ಕೆಳಗಿಂದ ಮೇಲಕ್ಕೆ. ಕೆಲವು ಕಲ್ಲುಗಳಲ್ಲಿ ಎರಡು ಮೂರು ಸಾಲು ಬರಹ ಇರುತ್ತೆ. ರಾಜನ ವಂಶಾವಳಿ ಇಲ್ಲ, ಈಜಿಪ್ಟ್ ಇಲ್ಲ. ಇಂಥ ಊರಿನ ಇಂಥವನ ಮಗ ಸತ್ತ, ಇಂಥವನು ಕಲ್ಲು ನಿಲ್ಲಿಸಿದ, ಅಷ್ಟೇ. ಬಟ್ಟೆ ಒಗೆಯೋ ಕಲ್ಲಾಗಿ, ಮೋರಿಗೆ ಅಡ್ಡವಾಗಿ ಹೋದವೂ ಇವೆ. ಬೆಂಗಳೂರಿನ ಶಾಸನಗಳನ್ನ ಮಿಥಿಕ್ ಸೊಸೈಟಿಯವರು ತ್ರೀಡಿ ಸ್ಕ್ಯಾನ್ ಮಾಡಿಟ್ಟಿದ್ದಾರೆ. ಫೋಟೋಗ್ರಾಮೆಟ್ರಿ ನಮ್ಮ ಕಂಪ್ಯೂಟರ್ ಸೈನ್ಸ್‌ನವರಿಗೆ ಕಷ್ಟದ ಕೆಲಸವೇನಲ್ಲ, ಸರ್ವೆ ಹೇಗೂ ಸಿವಿಲ್‌ನವರ ಸಬ್ಜೆಕ್ಟು. ಮೆಕೆಂಜಿಗೆ ಹತ್ತು ವರ್ಷದ ಮೇಲೆ ಹಿಡಿದ ಸುತ್ತಾಟದ ಒಂದು ಚೂರನ್ನ ನಾವು ಬಸ್ ಪಾಸ್‌ನಲ್ಲಿ ಮಾಡಬಹುದು.

ಹಾಗಾಗಿ ಈ ಸಲದ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಹಳಗನ್ನಡ ಬಲ್ಲ ಒಬ್ಬ ಮೇಷ್ಟ್ರನ್ನ ನಾಲ್ಕು ಶನಿವಾರ ಕರೆಸೋಣ ಅಂತ ಕ್ಲಬ್ಬಿನ ಸಭೆಯಲ್ಲಿ ಕೇಳ್ತೀವಿ. ಒಪ್ಪದಿದ್ರೆ ತಲಾ ನೂರು ರೂಪಾಯಿ ಹಾಕ್ತೀವಿ. ಸೆಮಿಸ್ಟರ್ ರಜೆಯಲ್ಲಿ ಆಲೂರು ಕಡೆಯ ಒಂದೇ ಒಂದು ಬರಹದ ವೀರಗಲ್ಲು, ತೋಟದವರನ್ನ ಕೇಳಿಕೊಂಡು. ಮೆತ್ತನೆ ಬ್ರಷ್, ಒಂದು ಟಾರ್ಚು ತನ್ನಿ. ಬೆಳಗಿನ ಓರೆ ಬಿಸಿಲಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತೆ, ಮೋಡ ಇದ್ರೆ ಟಾರ್ಚನ್ನ ಪಕ್ಕದಿಂದ ಹಿಡಿದ್ರಾಯ್ತು. ಸೀಮೆಸುಣ್ಣ, ಅರಿಶಿನ, ಎಣ್ಣೆ ಯಾವುದನ್ನೂ ಕಲ್ಲಿಗೆ ಹಚ್ಚೋ ಹಾಗಿಲ್ಲ. ಆ ಕಡೆ ಆನೆ ಓಡಾಟ ಜಾಸ್ತಿ, ಸಂಜೆ ನಾಲ್ಕರೊಳಗೆ ಬಸ್ ಸ್ಟ್ಯಾಂಡಿನಲ್ಲಿ ಇರಬೇಕು.