ಒಂದು ಸಂಜೆಯ ವೇಷಕ್ಕೆ ಹೊಸ ಬಟ್ಟೆ ಯಾಕೆ?

ಅಕ್ಟೋಬರ್ ಕೊನೆ ವಾರ ಬಂತು ಅಂದ್ರೆ ನಮ್ಮೆಲ್ಲರ ಇನ್‌ಸ್ಟಾ ಫೀಡಲ್ಲಿ ಎರಡು ಥರದ ಬಣ್ಣ ಕಾಣತ್ತೆ. ಒಂದು ರಾಜ್ಯೋತ್ಸವದ ಹಳದಿ-ಕೆಂಪು, ಇನ್ನೊಂದು ಹ್ಯಾಲೋವೀನ್‌ನ ಕಿತ್ತಳೆ-ಕಪ್ಪು. ನವೆಂಬರ್ 1ರ ಬಗ್ಗೆ ಬರೆಯೋಕೆ ನಮ್ಮ ಸಂಘದಲ್ಲಿ ನನಗಿಂತ ಚೆನ್ನಾಗಿ ಬರೆಯೋರು ಇದ್ದಾರೆ. ಹಾಗಾಗಿ ನಾನು ಅದರ ಹಿಂದಿನ ದಿನದ ಬಗ್ಗೆ ಬರೀತೀನಿ. ಕನ್ನಡ ಪತ್ರಿಕೇಲಿ ಹ್ಯಾಲೋವೀನ್ ಯಾಕೆ ಅಂತ ಬೈಯೋ ಮುಂಚೆ ಸ್ವಲ್ಪ ಓದಿ. ವಿಷಯ ಇರೋದು ಬಟ್ಟೇದು, ಮತ್ತೆ ಬಟ್ಟೆ ಜೊತೆ ಬರೋ ಅವಮಾನದ್ದು.

ಮೊದಲು ಹಬ್ಬದ ಬಗ್ಗೆ ಎರಡು ಮಾತು. ಹ್ಯಾಲೋವೀನ್‌ನ ಬೇರು ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ಕಡೆಯ ಹಳೇ ಸುಗ್ಗಿ ಆಚರಣೆಗಳಲ್ಲಿದೆ. 19ನೇ ಶತಮಾನದಲ್ಲಿ ಅಲ್ಲಿಂದ ವಲಸೆ ಹೋದವರು ಅದನ್ನ ಅಮೆರಿಕಕ್ಕೆ ಒಯ್ದರು. ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕ್ಕೊಂಡು ಮನೆಮನೆ ಬಾಗಿಲು ತಟ್ಟಿ ಚಾಕೊಲೇಟ್ ಕೇಳ್ತಾರೆ. ಮೊದಮೊದಲು ಈ ವೇಷಗಳೆಲ್ಲ ಮನೇಲೇ ತಯಾರಾಗ್ತಿದ್ದವು. ಹಳೇ ಬೆಡ್‌ಶೀಟಿಗೆ ಎರಡು ತೂತು ಮಾಡಿದರೆ ದೆವ್ವ, ಅಪ್ಪನ ಕೋಟಿಗೆ ಒಂದಿಷ್ಟು ಹುಲ್ಲು ಸಿಕ್ಕಿಸಿದರೆ ಬೆದರುಬೊಂಬೆ. 1930ರ ದಶಕದಿಂದ ಬೆನ್ ಕೂಪರ್ ಥರದ ಕಂಪನಿಗಳು ಡಬ್ಬದಲ್ಲಿ ರೆಡಿ ವೇಷ ಮಾರೋಕೆ ಶುರು ಮಾಡಿದವು. ಒಂದು ಮುಖವಾಡ, ಒಂದು ತೆಳು ನಿಲುವಂಗಿ, ಅದರ ಮೇಲೆ ಕಾರ್ಟೂನ್ ಪಾತ್ರದ ಚಿತ್ರ. ಅಲ್ಲಿಂದ ವೇಷ ಅನ್ನೋದು ಮಾಡಿಕೊಳ್ಳೋ ವಸ್ತು ಹೋಗಿ ಕೊಂಡುಕೊಳ್ಳೋ ವಸ್ತು ಆಯ್ತು.

ಈಗ ಅದು ಎಷ್ಟು ದೊಡ್ಡದಾಗಿದೆ ನೋಡಿ. 2023ರಲ್ಲಿ ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ ಮಾಡಿದ ಅಂದಾಜಿನ ಪ್ರಕಾರ ಆ ವರ್ಷ ಹ್ಯಾಲೋವೀನ್ ಖರ್ಚು 12.2 ಶತಕೋಟಿ ಡಾಲರ್. ಅದರಲ್ಲಿ ಮಕ್ಕಳ ವೇಷಕ್ಕೇ 1.4 ಶತಕೋಟಿ. ಬ್ರಿಟನ್‌ನಲ್ಲಿ 2019ರಲ್ಲಿ ಫೇರಿಲ್ಯಾಂಡ್ ಟ್ರಸ್ಟ್ ಮತ್ತು ಹಬಬ್ ಅನ್ನೋ ಎರಡು ಸಂಸ್ಥೆಗಳು 19 ಅಂಗಡಿಗಳ 324 ಹ್ಯಾಲೋವೀನ್ ಉಡುಪುಗಳನ್ನ ಪರೀಕ್ಷೆ ಮಾಡಿದಾಗ, ಅದರಲ್ಲಿದ್ದ ವಸ್ತುವಿನಲ್ಲಿ ಶೇಕಡಾ 83ರಷ್ಟು ಪಾಲಿಯೆಸ್ಟರ್ ಥರದ ಪೆಟ್ರೋಲಿಯಂ ಪ್ಲಾಸ್ಟಿಕ್ ಅಂತ ಗೊತ್ತಾಯ್ತು.

ನಾವು ಎಂಜಿನಿಯರಿಂಗ್‌ನೋರು, ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 8760 ಗಂಟೆ. ಮಗು ಆ ವೇಷ ಹಾಕೋದು ಹೆಚ್ಚೆಂದರೆ 3 ಗಂಟೆ. ಅಂದ್ರೆ ಬಳಕೆ ಶೇಕಡಾ 0.03. ಮುಂದಿನ ವರ್ಷಕ್ಕೆ ಮಗು ಬೆಳೆದಿರತ್ತೆ, ವೇಷ ಬಿಗಿಯಾಗತ್ತೆ. ಬಿಗಿಯಾಗದಿದ್ರೂ ಹೋದ ವರ್ಷದ ಸ್ಪೈಡರ್‌ಮ್ಯಾನ್ ಈ ವರ್ಷ ಬೇಡ. ಮನೆ ಪಾಯ ತೋಡೋಕೆ ಒಂದು ದಿನ ಜೆಸಿಬಿ ಬೇಕು ಅಂತ ಯಾರಾದ್ರೂ ಜೆಸಿಬಿ ಕೊಂಡ್ಕೋತಾರಾ? ಇಷ್ಟು ಕಡಿಮೆ ಬಳಕೆಯ ವಸ್ತು ಕೈಯಿಂದ ಕೈಗೆ ಓಡಾಡ್ತಾ ಇರಬೇಕು. ಇದಕ್ಕೆ ಡಿಗ್ರಿ ಬೇಕಿಲ್ಲ.

ಹಾಗೆ ಓಡಾಡಿಸೋ ವ್ಯವಸ್ಥೆ ಅಲ್ಲಿ ನೂರು ವರ್ಷದಿಂದ ಇದೆ. 1902ರಲ್ಲಿ ಬಾಸ್ಟನ್‌ನಲ್ಲಿ ಎಡ್ಗರ್ ಹೆಲ್ಮ್ಸ್ ಅನ್ನೋ ಪಾದ್ರಿ ಗುಡ್‌ವಿಲ್ ಶುರು ಮಾಡಿದರು. ಅನುಕೂಲಸ್ಥರ ಮನೆಗಳಿಂದ ಹಳೇ ಬಟ್ಟೆ, ಸಾಮಾನು ಸಂಗ್ರಹಿಸಿ, ಅದನ್ನ ರಿಪೇರಿ ಮಾಡೋ ಕೆಲಸ ಬಡವರಿಗೆ ಕೊಟ್ಟು, ಆಮೇಲೆ ಮಾರೋದು ಅವರ ಐಡಿಯಾ. ಬ್ರಿಟನ್‌ನಲ್ಲಿ ಆಕ್ಸ್‌ಫ್ಯಾಮ್ 1940ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡ್‌ನ ಬ್ರಾಡ್ ಸ್ಟ್ರೀಟಲ್ಲಿ ಇಂಥದ್ದೇ ಅಂಗಡಿ ತೆರೆಯಿತು. ಇವತ್ತಿಗೂ ಕ್ರಮ ಅದೇ. ಜನ ಬೇಡವಾದ್ದನ್ನ ತಂದು ಕೊಡ್ತಾರೆ, ಹಿಂದಿನ ಕೋಣೇಲಿ ವಿಂಗಡಿಸಿ ಬೆಲೆ ಚೀಟಿ ಅಂಟಿಸ್ತಾರೆ, ಮುಂದೆ ಅಂಗಡೀಲಿ ನೇತುಹಾಕ್ತಾರೆ. ಬಂದ ದುಡ್ಡು ಉದ್ಯೋಗ ತರಬೇತಿಗೋ ಪರಿಹಾರ ಕೆಲಸಕ್ಕೋ ಹೋಗತ್ತೆ. ಇವನ್ನೇ ಥ್ರಿಫ್ಟ್ ಸ್ಟೋರ್, ಚಾರಿಟಿ ಶಾಪ್ ಅಂತ ಕರೆಯೋದು. ಅಕ್ಟೋಬರಲ್ಲಿ ಮಕ್ಕಳ ವೇಷಗಳಿಗೆ ಅಂತಾನೇ ಅಲ್ಲಿ ಒಂದು ಸಾಲು ಇರತ್ತೆ. ಒಂದೇ ಸಂಜೆ ಹಾಕಿದ್ದರಿಂದ ಎಷ್ಟೋ ವೇಷಗಳು ಹೊಸದರ ಹಾಗೇ ಇರ್ತವೆ.

ನಮ್ಮ ಮನೇಲಿ ಈ ವಿಷಯ ಬಂದಿದ್ದು 2024ರಲ್ಲಿ. ಆ ವರ್ಷ ನರಕ ಚತುರ್ದಶಿ ಮತ್ತು ಹ್ಯಾಲೋವೀನ್ ಒಂದೇ ದಿನ, ಅಕ್ಟೋಬರ್ 31. ಅಮೆರಿಕದಲ್ಲಿರೋ ನಮ್ಮ ಅಕ್ಕ, ಅಂದ್ರೆ ದೊಡ್ಡಮ್ಮನ ಮಗಳು, ತನ್ನ ಆರು ವರ್ಷದ ಮಗಳಿಗೆ ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿಸಿ ಹೊಸ ಲಂಗ ಹಾಕಿದ್ಲು. ಸಂಜೆಗೆ ಆ ಮಗು ವಿಜ್ಞಾನಿ ಆಗಬೇಕಿತ್ತು. ಥ್ರಿಫ್ಟ್ ಸ್ಟೋರಿಂದ ತಂದ ದೊಡ್ಡವರ ಬಿಳಿ ಶರಟು, ಗಾಜು ತೆಗೆದ ಕನ್ನಡಕದ ಫ್ರೇಮು, ಕೆದರಿದ ಕೂದಲು. ವಿಡಿಯೋ ಕಾಲಲ್ಲಿ ಇದನ್ನ ತೋರಿಸಿದಾಗ ದೊಡ್ಡಮ್ಮನ ಮುಖ ಸಪ್ಪಗಾಯ್ತು.

"ಹಬ್ಬದ ದಿನ ಮಗೂಗೆ ಯಾರೋ ಹಾಕಿಬಿಟ್ಟಿದ್ದನ್ನ ತೊಡಿಸ್ತಿದೀಯಲ್ಲೇ, ನಿಮಗೇನು ಕಡಿಮೆ ಆಗಿದೆ?"

"ಅಮ್ಮಾ, ಒಗೆದು ಇಸ್ತ್ರಿ ಮಾಡಿದೀನಿ. ದುಡ್ಡು ಕೊಟ್ಟು ತಂದಿರೋದು ಕಣಮ್ಮ."

"ಒಗೆದ್ರೆ ಹೋಗತ್ತಾ ಅದು?" ಅಂದು ದೊಡ್ಡಮ್ಮ ಫೋನು ನಮ್ಮಮ್ಮನ ಕೈಗೆ ಕೊಟ್ಟುಬಿಟ್ರು.

ನಮ್ಮ ವಯಸ್ಸಿನವರು ಇಂಥ ಮಾತಿಗೆ "ಹಳೇ ಕಾಲದೋರು ಬಿಡು" ಅಂತ ನಗ್ತೀವಿ. ಆದ್ರೆ ಆಮೇಲೆ ಅಮ್ಮ ಹೇಳಿದ್ದು ಕೇಳಿದ ಮೇಲೆ ನನಗೆ ನಗು ಬರಲಿಲ್ಲ. ದೊಡ್ಡಮ್ಮ ಚಿಕ್ಕವರಿದ್ದಾಗ ಪ್ರತಿ ಹಬ್ಬಕ್ಕೂ ಊರಿನ ಒಂದು ದೊಡ್ಡ ಮನೆಯಿಂದ ಆ ಮನೆ ಹುಡುಗಿ ಹಾಕಿಬಿಟ್ಟ ಬಟ್ಟೆ ಬರ್ತಿತ್ತಂತೆ. ಅಜ್ಜಿ ಅದನ್ನೇ ಹಿಡಿದು ಹೊಲಿದು ಕೊಡೋರು. ಒಂದು ದಿನ ಸ್ಕೂಲಲ್ಲಿ ಎಲ್ಲರ ಮುಂದೆ ಆ ಹುಡುಗಿ "ಅದು ನನ್ನ ಲಂಗ" ಅಂದ್ಳಂತೆ. ಅಷ್ಟೇ ನಡೆದಿದ್ದು. ಐವತ್ತು ವರ್ಷ ಆದ್ರೂ ದೊಡ್ಡಮ್ಮನಿಗೆ ಆ ಲಂಗದ ಅಂಚಿನ ಬಣ್ಣ ನೆನಪಿದೆ.

ನಮ್ಮಲ್ಲಿ ಹಳೇ ಬಟ್ಟೆ ಅಂದ್ರೆ ಹಿಂಜರಿಕೆ ಯಾಕೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಕೊಳೆಯೇ ಕಾರಣ ಅಂದ್ರೆ ನಾನು ಒಪ್ಪಲ್ಲ. ಹುಟ್ಟಿದ ಮಗುವಿಗೆ ನಾವು ಮೊದಲು ಹಾಕೋದೇ ಬೇರೆ ಮಗು ಹಾಕಿದ ಮೆತ್ತನೆ ಹಳೇ ಬಟ್ಟೆ. ಉತ್ತರ ಕರ್ನಾಟಕದಲ್ಲಿ ಹಳೇ ಸೀರೆಗಳನ್ನ ಸೇರಿಸಿ ಹೊಲಿದ ಕೌದಿ ಹೊದ್ಕೊಂಡು ಮಲಗ್ತಾರೆ. ಪ್ರೈಮರಿ ಸ್ಕೂಲಿನ ಫ್ಯಾನ್ಸಿ ಡ್ರೆಸ್ ನೆನಪು ಮಾಡಿಕೊಳ್ಳಿ. ಒನಕೆ ಓಬವ್ವನೋ ಕೃಷ್ಣನೋ ಆಗೋಕೆ ಬಾಡಿಗೆ ಅಂಗಡಿಯಿಂದ ತಂದ ಕಿರೀಟ, ಪೀತಾಂಬರ ನಮಗಿಂತ ಮುಂಚೆ ಎಷ್ಟು ಮಕ್ಕಳ ಬೆವರು ಕುಡಿದಿತ್ತೋ. ಯಾವ ಅಜ್ಜಿಯೂ "ಛೀ" ಅನ್ನಲಿಲ್ಲ. ಯಾಕಂದ್ರೆ ಬಾಡಿಗೆ ಕೊಟ್ಟಿದ್ವಿ.

ಹಾಗಾದ್ರೆ ಚುಚ್ಚೋದು ಯಾವುದು? ಕೊಟ್ಟೋರು ಯಾರು ಅಂತ ಗೊತ್ತಿರೋದು. ಕೊಟ್ಟೋರಿಗೂ ನೀವು ಯಾರು ಅಂತ ಗೊತ್ತಿರೋದು. ಮತ್ತೆ "ಬೇಡ" ಅನ್ನೋ ಅವಕಾಶ ಇಲ್ಲದಿರೋದು. ಥ್ರಿಫ್ಟ್ ಸ್ಟೋರ್ ಈ ಮೂರನ್ನೂ ಕತ್ತರಿಸಿ ಹಾಕತ್ತೆ. ಕೊಟ್ಟವರು ಹಿಂದಿನ ಬಾಗಿಲಲ್ಲಿ ಕೊಟ್ಟು ಹೋಗ್ತಾರೆ, ಕೊಳ್ಳೋರು ಮುಂದಿನ ಬಾಗಿಲಲ್ಲಿ ಬರ್ತಾರೆ. ಮಧ್ಯೆ ಒಂದು ಬೆಲೆ ಚೀಟಿ ಇದೆ. ನೋಡಬಹುದು, ಹಿಗ್ಗಿಸಿ ಪರೀಕ್ಷೆ ಮಾಡಬಹುದು, ಇಷ್ಟವಿಲ್ಲದಿದ್ರೆ ವಾಪಸ್ ನೇತುಹಾಕಿ ಬರಬಹುದು. ಅಲ್ಲಿ ಹತ್ತು ಡಾಲರ್ ಉಳಿಸಲೇಬೇಕಾದ ಮನೆಯವರೂ, ಪರಿಸರದ ಕಾಳಜಿಗೆ ಬಂದ ಸಾಫ್ಟ್‌ವೇರ್ ಕಂಪನಿಯವರೂ ಒಂದೇ ಸಾಲಲ್ಲಿ ನಿಂತಿರ್ತಾರೆ. ಬಾಗಿಲು ತೆಗೆದು ಚಾಕೊಲೇಟ್ ಹಾಕೋ ಪಕ್ಕದ ಮನೆಯವರಿಗೆ ಎದುರಿಗಿರೋ ಡ್ರಾಕುಲಾನ ಕೋಟು ಎಲ್ಲಿಂದ ಬಂತು ಅಂತ ಗೊತ್ತಾಗೋದೇ ಇಲ್ಲ.

ಹಾಗಂತ ಅಲ್ಲಿ ಕೊಂಡದ್ದೆಲ್ಲ ಪುಣ್ಯದ ಕೆಲಸ ಅಂತ ನಾನು ಹೇಳ್ತಿಲ್ಲ. ಕೆಲವು ವಿಷಯ ಗಮನಿಸಬೇಕು.

ಒಂದು, ಎಲ್ಲ ಥ್ರಿಫ್ಟ್ ಸ್ಟೋರೂ ಚಾರಿಟಿ ಅಲ್ಲ. ಸೇವರ್ಸ್, ವ್ಯಾಲ್ಯೂ ವಿಲೇಜ್ ಅನ್ನೋ ಹೆಸರಲ್ಲಿ ಅಂಗಡಿ ನಡೆಸೋದು ಲಾಭಕ್ಕಾಗಿ ಇರೋ ಕಂಪನಿ. ಅದು ಚಾರಿಟಿಗಳಿಗೆ ದುಡ್ಡು ಕೊಟ್ಟು ಬಟ್ಟೆ ತಗೊಳತ್ತೆ. ತಪ್ಪೇನಿಲ್ಲ, ಆದ್ರೆ ನಮ್ಮ ದುಡ್ಡು ಎಲ್ಲಿಗೆ ಹೋಗ್ತಿದೆ ಅಂತ ಗೊತ್ತಿರಬೇಕು. ಅಕ್ಟೋಬರಲ್ಲಿ ಇಂಥ ಅಂಗಡಿಗಳು ಫ್ಯಾಕ್ಟರಿಯಿಂದ ಬಂದ ಹೊಸ ವೇಷಗಳನ್ನೂ ಪಕ್ಕದಲ್ಲೇ ಇಡ್ತವೆ. ನೋಡದೆ ಎತ್ತಿಕೊಂಡ್ರೆ ಹೊಸ ಪ್ಲಾಸ್ಟಿಕ್ಕೇ ಮನೆಗೆ ಬಂತು.

ಎರಡು, ಬೆಂಕಿ. ಹ್ಯಾಲೋವೀನ್ ಅಂದ್ರೆ ಕುಂಬಳಕಾಯಿ ಒಳಗೆ ಮೇಣದಬತ್ತಿ. ಬ್ರಿಟನ್‌ನಲ್ಲಿ ಮಕ್ಕಳ ವೇಷ ಕಾನೂನಿನ ಲೆಕ್ಕದಲ್ಲಿ ಆಟಿಕೆ, ಉಡುಪಲ್ಲ. ಸೆಕೆಂಡ್‌ಹ್ಯಾಂಡ್ ವೇಷದಲ್ಲಿ ಲೇಬಲ್ಲೇ ಕಿತ್ತುಹೋಗಿರಬಹುದು. ಜೋಲಾಡೋ ಪಾಲಿಯೆಸ್ಟರ್ ಮೇಲಂಗಿ ಎಷ್ಟೇ ಅಗ್ಗವಾಗಿ ಸಿಕ್ಕಿದ್ರೂ ಬೇಡ. ಮೈಗೆ ಸರಿಯಾಗಿ ಕೂರೋ ಬಟ್ಟೆ, ಬ್ಯಾಟರಿ ದೀಪ, ಇಷ್ಟಕ್ಕೆ ರಾಜಿ ಇಲ್ಲ.

ಮೂರು, "ಅನುಕೂಲಸ್ಥರು ಅಲ್ಲಿ ಕೊಂಡ್ರೆ ಬಡವರ ಪಾಲು ಕಿತ್ಕೊಂಡ ಹಾಗಲ್ವಾ?" ಅನ್ನೋ ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆ. ಚಳಿಗಾಲದ ಮಕ್ಕಳ ಜಾಕೆಟ್ ವಿಷಯದಲ್ಲಿ ನಾನೂ ಎರಡು ಸಲ ಯೋಚನೆ ಮಾಡ್ತೀನಿ. ಆದ್ರೆ ಕಡಲುಗಳ್ಳನ ವೇಷ ಯಾರ ಹೊಟ್ಟೆಪಾಡೂ ಅಲ್ಲ. ಮತ್ತೆ ಅಂಗಡಿಗೆ ಬರೋದೆಲ್ಲ ಮಾರಾಟ ಆಗಲ್ಲ. ಉಳಿದದ್ದನ್ನ ಗುಡ್‌ವಿಲ್‌ನ ಔಟ್‌ಲೆಟ್‌ಗಳಲ್ಲಿ ತೂಕದ ಲೆಕ್ಕದಲ್ಲಿ ಮಾರ್ತಾರೆ. ಅಲ್ಲೂ ಉಳಿದದ್ದು ಬೇಲ್ ಆಗಿ ವ್ಯಾಪಾರಿಗಳ ಕೈಗೆ ಹೋಗಿ ಹಡಗು ಹತ್ತತ್ತೆ. ಹೀಗೆ ಶ್ರೀಮಂತ ದೇಶಗಳಿಂದ ಹೊರಟ ಹಳೇ ಬಟ್ಟೆಯ ಒಂದಿಷ್ಟು ಪಾಲು ಗುಜರಾತಿನ ಕಾಂಡ್ಲಾಗೆ, ಹರಿಯಾಣದ ಪಾಣಿಪತ್‌ಗೂ ಬರತ್ತೆ. ಪಾಣಿಪತ್‌ನಲ್ಲಿ ಹಳೇ ಸ್ವೆಟರ್‌ಗಳನ್ನ ಹರಿದು ನೂಲು ಮಾಡಿ ಕಂಬಳಿ ನೇಯ್ತಾರೆ. ಮಿನುಗು, ಸ್ಪಂಜು, ತಂತಿ, ಎಲಾಸ್ಟಿಕ್ ಎಲ್ಲ ಅಂಟಿಸಿರೋ ರಾಜಕುಮಾರಿ ಗೌನಿಂದ ಕಂಬಳಿ ಮಾಡೋದು ಕಷ್ಟ. ಮರುಬಳಕೆ ಮಾಡಿದ್ರೂ ಅದು ಒಂದು ದಿನ ಕಸವೇ ಆಗೋದು, ಸ್ವಲ್ಪ ತಡವಾಗತ್ತೆ ಅಷ್ಟೇ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಥ್ರಿಫ್ಟ್ ಸ್ಟೋರಿಗೆ ಹೋದಾಗ ವೇಷದ ಸಾಲಿಗಿಂತ ಮೊದಲು ಬಟ್ಟೆಯ ಸಾಲಿಗೆ ಹೋಗಬೇಕು. ಬಿಳಿ ಶರಟು ವಿಜ್ಞಾನಿ ಆಗತ್ತೆ, ಡಾಕ್ಟರ್ ಆಗತ್ತೆ. ಚೌಕಳಿ ಶರಟಿಗೆ ಟೋಪಿ ಇಟ್ರೆ ಬೆದರುಬೊಂಬೆ. ಅಕ್ಕ ತಂದ ಆ ಶರಟು ಇವತ್ತಿಗೂ ಮಗು ಪೇಂಟಿಂಗ್ ಮಾಡುವಾಗ ಏಪ್ರನ್ ಆಗಿದೆ. ಡಬ್ಬದ ವೇಷದಲ್ಲಿ ಮಗು ಬೇರೆಯವರು ಬರೆದ ಪಾತ್ರ ಹಾಕ್ಕೊಳತ್ತೆ. ಬಟ್ಟೆ ಜೋಡಿಸಿ ಮಾಡಿದ ವೇಷದಲ್ಲಿ "ನನ್ನ ವಿಜ್ಞಾನಿಗೆ ಕೂದಲು ಹೀಗಿರಬೇಕು" ಅಂತ ತಾನೇ ತೀರ್ಮಾನ ಮಾಡತ್ತೆ.

ಇನ್ನು ಇದನ್ನ ನಿಮ್ಮ ಮುಂದೆ ಯಾಕೆ ಇಟ್ಟೆ ಅಂದ್ರೆ, ನಮ್ಮ ಕ್ಯಾಂಪಸ್ಸಲ್ಲೂ ಒಂದು ದಿನದ ವೇಷ ಇದೆ. ಎಥ್ನಿಕ್ ಡೇಗೆ ಕೊಂಡ ಪಂಚೆ, ಕುರ್ತಾ, ಮೈಸೂರು ಪೇಟ, ರಾಜ್ಯೋತ್ಸವಕ್ಕೆ ಅಂತ ತಗೊಂಡ ಸೀರೆ, ಇವೆಲ್ಲ ಹಾಸ್ಟೆಲ್ ಟ್ರಂಕಲ್ಲಿ ವರ್ಷಪೂರ್ತಿ ನಿದ್ದೆ ಮಾಡ್ತಿವೆ. ಇನ್ನೊಂದು ಕಡೆ, ನಮ್ಮಲ್ಲೇ ಕೆಲವರು "ನನಗೆ ಇಂಟರೆಸ್ಟ್ ಇಲ್ಲ ಮಗಾ" ಅಂತ ಹೇಳಿ ಎಥ್ನಿಕ್ ಡೇ ದಿನ ರೂಮಲ್ಲೇ ಉಳೀತಾರೆ. ಎಲ್ಲರಿಗೂ ಇಂಟರೆಸ್ಟ್ ಇಲ್ಲದೆ ಅಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಅವರಿಗೆ "ನನ್ನ ಹಳೇ ಕುರ್ತಾ ಇದೆ, ತಗೋ" ಅಂದ್ರೆ ಅದು ಮತ್ತೆ ದೊಡ್ಡಮ್ಮನ ಲಂಗದ ಕಥೆಯೇ.

ಸಂಘದ ಕಾರ್ಯದರ್ಶಿಗಳಿಗೆ ನನ್ನ ಸಲಹೆ ಸರಳ. ಎಥ್ನಿಕ್ ಡೇಗೆ ಎರಡು ವಾರ ಮುಂಚೆ ಬಟ್ಟೆ ಸಂಗ್ರಹಿಸಿ. ಕೊಟ್ಟೋರ ಹೆಸರು ಬರ್ಕೋಬೇಡಿ, ಫೋಟೋ ತೆಗೀಬೇಡಿ. ಒಗೆಸಿ, ಇಸ್ತ್ರಿ ಮಾಡಿಸಿ, ಒಂದೊಂದಕ್ಕೂ ಬೆಲೆ ಚೀಟಿ ಹಾಕಿ ನೇತುಹಾಕಿ. 30 ರೂಪಾಯಿ, 50 ರೂಪಾಯಿ, ಎಷ್ಟಾದರೂ ಸರಿ, ಆದ್ರೆ ಫ್ರೀ ಬೇಡ. ಪ್ರೆಸಿಡೆಂಟ್ ಆದಿಯಾಗಿ ನಾವೆಲ್ಲ ಅಲ್ಲೇ ಕೊಳ್ಳೋಣ, ಆಗ ಯಾರು ಯಾಕೆ ಕೊಂಡ್ರು ಅಂತ ಯಾರಿಗೂ ಗೊತ್ತಾಗಲ್ಲ. ಬಂದ ದುಡ್ಡಲ್ಲಿ ಕ್ಲಬ್ ಲೈಬ್ರರಿಗೆ ಪುಸ್ತಕ ತರೋಣ. ನನ್ನ ಟ್ರಂಕಲ್ಲಿ ಒಮ್ಮೆ ಮಾತ್ರ ಉಟ್ಟ ಒಂದು ರೇಷ್ಮೆ ಅಂಚಿನ ಪಂಚೆ ಇದೆ. ಮೊದಲ ಹ್ಯಾಂಗರ್‌ಗೆ ಅದನ್ನ ಕೊಡೋಕೆ ನಾನು ರೆಡಿ.