ಹಸಿವೆಯ ಹಾಸ್ಯ

ಚಾರ್ಲಿ ಚಾಪ್ಲಿನ್ನನ ‘ದಿ ಗೋಲ್ಡ್ ರಷ್’ ಚಿತ್ರ ಮೊದಲು ತೆರೆ ಕಂಡದ್ದು 1925ರ ಜೂನ್ 26ರಂದು, ಹಾಲಿವುಡ್ಡಿನಲ್ಲಿ. ನೂರು ವರ್ಷಗಳ ಅನಂತರ, 2025ರ ಮೇ ತಿಂಗಳಲ್ಲಿ, ಅದರ ಜೀರ್ಣೋದ್ಧಾರಗೊಂಡ ಪ್ರತಿಯನ್ನು ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಮರುತಿಂಗಳು ಅದು ಅನೇಕ ದೇಶಗಳ ಚಿತ್ರಮಂದಿರಗಳಿಗೆ ಮತ್ತೆ ಬಂದಿತು. ಹಾಸ್ಯದಷ್ಟು ಬೇಗ ಹಳಸುವ ಪದಾರ್ಥ ಬೇರೊಂದಿಲ್ಲವೆಂಬುದು ನಮ್ಮೆಲ್ಲರ ಅನುಭವ. ನಿನ್ನೆ ನಗಿಸಿದ ಮಾತು ಇಂದು ಸಪ್ಪೆಯಾಗುತ್ತದೆ. ಹೀಗಿರಲು ಮಾತಿಲ್ಲದ, ಬಣ್ಣವಿಲ್ಲದ ಈ ಚಿತ್ರ ಒಂದು ಶತಮಾನ ಕಳೆದರೂ ಹಳಸದೆ ಉಳಿದದ್ದು ಹೇಗೆ?

ನಮ್ಮ ಭರತಮುನಿ ಹಾಸ್ಯಕ್ಕೆ ಕಾರಣವನ್ನು ಹೇಳುವಾಗ ವಿಕೃತವಾದ ವೇಷ, ಹೊಂದಿಕೆಯಿಲ್ಲದ ಅಲಂಕಾರ, ವಿಪರೀತವಾದ ನಡೆನುಡಿ ಇವುಗಳನ್ನು ಎಣಿಸುತ್ತಾನೆ. ಚಾಪ್ಲಿನ್ನನ ಅಲೆಮಾರಿಗೆ ಈ ಲಕ್ಷಣ ಚೆನ್ನಾಗಿಯೇ ಒಪ್ಪುತ್ತದೆ. ಮೈಗೆ ಬಿಗಿಯಾದ ಕೋಟು, ಸಡಿಲವಾಗಿ ಜೋಲುವ ಷರಾಯಿ, ತಲೆಗೆ ಚಿಕ್ಕದಾದ ಟೊಪ್ಪಿಗೆ, ಕಾಲಿಗೆ ದೊಡ್ಡದಾದ ಬೂಟು. ಆದರೆ ವೇಷವನ್ನು ನೋಡಿ ಬರುವ ನಗು ಎರಡು ನಿಮಿಷಕ್ಕೆ ಮುಗಿಯುತ್ತದೆ. ಆ ಬಳಿಕವೂ ನಾವು ನಗುತ್ತಿದ್ದರೆ ಅದರ ಬೇರು ಇನ್ನೆಲ್ಲೋ ಇರಬೇಕು. ಆ ಬೇರು ಕರುಣೆಯಲ್ಲಿದೆ ಎಂದು ನನಗೆ ತೋರುತ್ತದೆ. ‘ಸಾಹಿತ್ಯದರ್ಪಣ’ವನ್ನು ಬರೆದ ವಿಶ್ವನಾಥನಾದರೋ ಹಾಸ್ಯ ಕರುಣಗಳನ್ನು ಪರಸ್ಪರ ವಿರೋಧಿ ರಸಗಳೆಂದು ಬಗೆದವನು. ಚಾಪ್ಲಿನ್ನನ ಸಾಧನೆಯೆಲ್ಲ ಈ ವಿರೋಧವನ್ನು ಕರಗಿಸಿದ್ದರಲ್ಲಿದೆ.

ಬೂಟನ್ನು ಬೇಯಿಸಿ ತಿನ್ನುವ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಚಿನ್ನವನ್ನರಸಿ ಬಂದ ಇಬ್ಬರು ಹಿಮಪಾತಕ್ಕೆ ಸಿಕ್ಕಿ, ಗುಡಿಸಲೊಂದರಲ್ಲಿ ಅನ್ನವಿಲ್ಲದೆ ಕುಳಿತಿದ್ದಾರೆ. ಚಾರ್ಲಿ ತನ್ನ ಒಂದು ಬೂಟನ್ನು ಕುದಿಸುತ್ತಾನೆ. ಬೆಂದಿತೋ ಇಲ್ಲವೋ ಎಂದು ನುರಿತ ಅಡಿಗೆಯವನಂತೆ ಪರೀಕ್ಷಿಸುತ್ತಾನೆ. ತಟ್ಟೆಗೆ ಬಡಿಸಿ, ಮೇಲೆ ರಸವನ್ನು ಹನಿಸುತ್ತಾನೆ. ಸಂಗಾತಿಯಾದ ಬಿಗ್ ಜಿಮ್ ತಟ್ಟೆಗಳನ್ನು ಅದಲುಬದಲು ಮಾಡಿ ಮೇಲಿನ ಮೆತ್ತನೆಯ ತೊಗಲನ್ನು ತಾನಿಟ್ಟುಕೊಂಡಾಗ, ಮೊಳೆ ತುಂಬಿದ ಅಟ್ಟೆ ಚಾರ್ಲಿಯ ಪಾಲಿಗೆ ಬರುತ್ತದೆ. ಅವನು ಗೊಣಗುವುದಿಲ್ಲ. ಮೊಳೆಗಳನ್ನು ಕೋಳಿಯ ಎಲುಬಿನಂತೆ ಚೀಪುತ್ತಾನೆ, ಲಾಡಿಯನ್ನು ಶಾವಿಗೆಯಂತೆ ಸುತ್ತಿ ನುಂಗುತ್ತಾನೆ. ಚಿತ್ರೀಕರಣಕ್ಕಾಗಿ ಆ ಬೂಟನ್ನು ಅತಿಮಧುರದ ಮಿಠಾಯಿಯಿಂದ ಮಾಡಿದ್ದರಂತೆ. ಆದರೆ ತಿನ್ನುವವನ ಮುಖದಲ್ಲಿರುವುದು ಮಿಠಾಯಿಯ ರುಚಿಯಲ್ಲ, ಔತಣದ ಗಾಂಭೀರ್ಯ.

ಇಲ್ಲಿ ನಾವು ನಗುವುದು ಯಾವುದಕ್ಕೆ? ಹಸಿವೆಗಂತೂ ಅಲ್ಲ. ಹಸಿವೆ ಮನುಷ್ಯನನ್ನು ಮೃಗವಾಗಿಸುವ ಗಳಿಗೆಯಲ್ಲಿ ಈತ ಊಟದ ಮರ್ಯಾದೆಯನ್ನು ಬಿಡಲೊಲ್ಲ. ಎಲ್ಲವನ್ನೂ ಕಳೆದುಕೊಂಡವನು ಸಭ್ಯತೆಯೊಂದನ್ನು ಮಾತ್ರ ಹಿಡಿದುಕೊಂಡಿದ್ದಾನೆ. ಆ ಹಟವೇ ವಿನೋದದ ಮೂಲ, ಅದೇ ಅವನ ದೊಡ್ಡತನವೂ ಹೌದು. ನಿರ್ದೇಶಕನು ಈ ಸಂಗತಿಯನ್ನು ಮರೆಯಲು ಬಿಡುವುದಿಲ್ಲ. ಆ ಮೇಲೆ ಚಾರ್ಲಿ ಚಿಂದಿ ಸುತ್ತಿದ ಒಂದು ಕಾಲಿನಲ್ಲೇ ನಡೆಯುತ್ತಾನೆ. ತಮಾಷೆ ಮುಗಿದರೂ ಅದರ ಬೆಲೆ ಅವನ ಪಾದಕ್ಕೆ ಅಂಟಿಕೊಂಡಿರುತ್ತದೆ.

ಹುಡುಗನಾಗಿದ್ದಾಗ ನನಗೆ ಇನ್ನೊಂದು ದೃಶ್ಯ ಹೆಚ್ಚು ಮೆಚ್ಚಾಗಿತ್ತು. ಹಸಿದ ಜಿಮ್‌ನ ಕಣ್ಣಿಗೆ ಚಾರ್ಲಿ ಆಳೆತ್ತರದ ಕೋಳಿಯಾಗಿ ಕಾಣುವ ದೃಶ್ಯ ಅದು. ಅದರ ಹಿನ್ನೆಲೆಯನ್ನು ತಿಳಿದದ್ದು ಬಹಳ ಕಾಲದ ಮೇಲೆ. 1846-47ರ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಕ್ಕೆ ಹೊರಟ, ಡಾನರ್ ಮನೆತನದ ಹೆಸರಿನ ಒಂದು ವಲಸೆಗಾರರ ತಂಡ ಸಿಯೆರಾ ನೆವಾಡ ಪರ್ವತಗಳ ಹಿಮದಲ್ಲಿ ಸಿಕ್ಕಿಬಿದ್ದಿತು. 80ಕ್ಕೂ ಹೆಚ್ಚು ಮಂದಿಯಲ್ಲಿ ಅನೇಕರು ಸತ್ತರು. ಉಳಿದವರು ತೊಗಲನ್ನು ಬೇಯಿಸಿ ತಿಂದರು, ಕೆಲವರು ಸತ್ತವರ ಮಾಂಸವನ್ನೂ ತಿಂದರು. ಚಾಪ್ಲಿನ್ ತನ್ನ ಚಿತ್ರಕ್ಕೆ ವಸ್ತುವನ್ನು ಪಡೆದದ್ದು ಈ ಘೋರ ವೃತ್ತಾಂತದಿಂದ. ಇದನ್ನು ತಿಳಿದ ಮೇಲೆ ಆ ಕೋಳಿಯನ್ನು ನೋಡಿ ನಾನು ನಗುವುದನ್ನು ಬಿಟ್ಟೆನೇ? ಇಲ್ಲ, ಈಗಲೂ ನಗುತ್ತೇನೆ. ಆದರೆ ಆ ನಗೆ ಗಂಟಲಿನಲ್ಲಿ ಕ್ಷಣಕಾಲ ತಡೆದು ಬರುತ್ತದೆ.

ಚಾಪ್ಲಿನ್ನನಿಗೆ ಈ ದೃಷ್ಟಿ ಪುಸ್ತಕದಿಂದ ಬಂದದ್ದಲ್ಲ. 1896ರಲ್ಲಿ, ಏಳು ವರ್ಷದ ಬಾಲಕನಾಗಿದ್ದಾಗ, ಅವನು ತಾಯಿ ಮತ್ತು ಅಣ್ಣನೊಡನೆ ಲಂಡನ್ನಿನ ಲ್ಯಾಂಬೆತ್ ಬಡವರ ದುಡಿಮೆಮನೆಯನ್ನು ಸೇರಬೇಕಾಯಿತು. ಆತ್ಮಕಥೆಯಲ್ಲಿ ಅವನೊಂದು ಪ್ರಸಂಗವನ್ನು ನೆನೆದಿದ್ದಾನೆ. ಕಸಾಯಿಖಾನೆಗೆ ಒಯ್ಯುತ್ತಿದ್ದ ಕುರಿಯೊಂದು ತಪ್ಪಿಸಿಕೊಂಡು ಬೀದಿಯಲ್ಲಿ ಓಡಿತು. ಹಿಡಿಯಲು ಹೋದವರು ಮುಗ್ಗರಿಸಿ ಬಿದ್ದರು. ನೋಡುತ್ತಿದ್ದ ಬಾಲಕ ಬಿದ್ದುಬಿದ್ದು ನಕ್ಕನು. ಕುರಿ ಸಿಕ್ಕಿತು. ಅದನ್ನು ಕೊಲ್ಲುತ್ತಾರೆಂದು ಹೊಳೆದೊಡನೆ ಅವನು ಅಳುತ್ತ ತಾಯಿಯ ಬಳಿಗೆ ಓಡಿದನು. ದುಃಖ ವಿನೋದಗಳನ್ನು ಬೆರೆಸಿದ ತನ್ನ ಚಿತ್ರಗಳಿಗೆ ಆ ದಿನವೇ ಬೀಜ ಬಿದ್ದಿತೋ ಏನೋ ಎಂದು ಮುಂದೆ ಅವನಿಗೆ ಅನಿಸಿತು.

ಈ ಪರಂಪರೆಯ ಒಂದು ಕವಲು ನಮ್ಮ ಬೆಂಗಳೂರಿನಲ್ಲಿಯೂ ಚಿಗುರಿದೆ. ಸಂಗೀತಂ ಶ್ರೀನಿವಾಸರಾಯರು 1987ರಲ್ಲಿ ತೆರೆಗೆ ತಂದ ‘ಪುಷ್ಪಕ ವಿಮಾನ’ದಲ್ಲಿ ಸಂಭಾಷಣೆಯೇ ಇಲ್ಲ. ಕೆಲಸವಿಲ್ಲದ ಪದವೀಧರನೊಬ್ಬ ಉಪಾಯದಿಂದ ದೊಡ್ಡ ಹೋಟೆಲನ್ನು ಸೇರುತ್ತಾನೆ. ಅಲ್ಲಿಯ ನಿಶ್ಶಬ್ದದಲ್ಲಿ ಅವನಿಗೆ ನಿದ್ದೆ ಹತ್ತದು. ತನ್ನ ಹಳೆಯ ಬಿಡಾರದ ಪಕ್ಕದ ಚಿತ್ರಮಂದಿರದ ಗದ್ದಲವನ್ನು ಧ್ವನಿಮುದ್ರಿಸಿ ತಂದು ಕೇಳಿದಾಗಲೇ ಕಣ್ಣು ಮುಚ್ಚುತ್ತದೆ. ಬಡತನ ಮೈಗೆ ಅಂಟಿದ ಬಗೆಯನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಭಾಷಣ ಬೇಕೆ? ಕೊನೆಯಲ್ಲಿ ಅವನು ನಿಲ್ಲುವುದು ಮತ್ತೆ ಕೆಲಸ ಬೇಡುವವರ ಉದ್ದದ ಸಾಲಿನಲ್ಲಿ.

ಇಂದು ನಗೆಗೇನೂ ಬರವಿಲ್ಲ. ಬೀದಿಯಲ್ಲಿ ಒಬ್ಬ ಜಾರಿ ಬಿದ್ದರೆ ಎತ್ತುವ ಕೈಗಿಂತ ಮೊದಲು ಮೊಬೈಲ್ ಮೇಲೇಳುತ್ತದೆ. ಸಂಜೆಯೊಳಗಾಗಿ ಊರೆಲ್ಲ ಅದನ್ನು ನೋಡಿ ನಕ್ಕಿರುತ್ತದೆ. ಚಾಪ್ಲಿನ್ನನ ಚಿತ್ರಗಳಲ್ಲಿಯೂ ಜನ ಬೀಳುತ್ತಾರೆ. ಆದರೆ ಅಲ್ಲಿ ಬಿದ್ದವನು ಏಳುತ್ತಾನೆ, ಟೊಪ್ಪಿಗೆಯನ್ನು ಸರಿಮಾಡಿಕೊಳ್ಳುತ್ತಾನೆ, ಮುಂದೆ ಎಲ್ಲಿಗೆ ಹೋದನೆಂಬುದನ್ನೂ ನಾವು ನೋಡುತ್ತೇವೆ. ಮೊಬೈಲಿನಲ್ಲಿ ಬಿದ್ದವನಿಗೆ ಹೆಸರೂ ಇಲ್ಲ, ಮುಂದಿನ ಗಳಿಗೆಯೂ ಇಲ್ಲ. ಬಾಲಕ ಚಾಪ್ಲಿನ್ನನ ಕತೆಯಲ್ಲಿ ಅವನು ನಕ್ಕದ್ದನ್ನಷ್ಟೇ ನಾವು ಉಳಿಸಿಕೊಂಡು, ತಾಯಿಯ ಬಳಿಗೆ ಓಡಿದ್ದನ್ನು ಕತ್ತರಿಸಿಬಿಟ್ಟಿದ್ದೇವೆ.

ನಗೆಗೆ ಎಲ್ಲೆಯಿಲ್ಲವೆಂದು ನಾನು ಹೇಳಲಾರೆ. 1940ರ ‘ದಿ ಗ್ರೇಟ್ ಡಿಕ್ಟೇಟರ್’ನಲ್ಲಿ ಹಿಟ್ಲರನನ್ನು ಗೇಲಿ ಮಾಡಿದ ಚಾಪ್ಲಿನ್ನನೇ, ಜರ್ಮನಿಯ ಸೆರೆಶಿಬಿರಗಳ ನಿಜವಾದ ಘೋರವನ್ನು ಆಗ ಅರಿತಿದ್ದರೆ ಆ ಚಿತ್ರವನ್ನು ತೆಗೆಯಲಾಗುತ್ತಿರಲಿಲ್ಲವೆಂದು 1964ರ ಆತ್ಮಕಥೆಯಲ್ಲಿ ಒಪ್ಪಿಕೊಂಡನು. ನಗಿಸುವವನಿಗೆ ಈ ಅಳುಕು ಇರಬೇಕು. ನಗುವವರಿಗೂ ಅದು ಸ್ವಲ್ಪ ಇದ್ದರೆ ಒಳ್ಳೆಯದು. ಯಾರನ್ನು ನೋಡಿ ನಕ್ಕೆವೋ ಅವನು ಎದುರಿಗೆ ಬಂದು ಕುಳಿತರೆ, ಅವನೊಡನೆ ಒಂದೇ ತಟ್ಟೆಯಲ್ಲಿ ಉಣ್ಣಲು ನಮಗೆ ಮನಸ್ಸಾದೀತೆ ಎಂದು ಕೇಳಿಕೊಂಡರೆ ಸಾಕು. ಚಾರ್ಲಿಯೊಡನೆಯಾದರೆ, ತಟ್ಟೆಯಲ್ಲಿರುವುದು ಬೂಟೇ ಆದರೂ, ನಾನು ಕುಳಿತುಕೊಂಡೇನು.