ಹಾಸನದ ಮರಾಮತ್ತು

ಹಾಸನದ ನಗರಸಭೆಯನ್ನು ಮಹಾನಗರಪಾಲಿಕೆಯ ದರ್ಜೆಗೆ ಏರಿಸಬೇಕೆಂದು ಸರಕಾರದವರು 2025ರಲ್ಲಿ ತೀರ್ಮಾನಿಸಿದುದು ಜಿಲ್ಲೆಯ ಮಹಾಜನರಿಗೆ ಸಂತೋಷವನ್ನುಂಟುಮಾಡಿತು. ಆ ಸಂತೋಷದಲ್ಲಿ ನಾವೂ ಭಾಗಿಗಳೇ. ಆದರೆ ದರ್ಜೆಯನ್ನು ಏರಿಸಲು ಒಂದು ಆಜ್ಞೆ ಸಾಕು. ಕೊಳಾಯಿ ಚರಂಡಿಗಳನ್ನು ಹಾಕಲು ಆಳು ಬೇಕು, ಹಣ ಬೇಕು.

1976ರ ಕಾಯಿದೆಯು ಮಹಾನಗರಪಾಲಿಕೆಗೆ 3 ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯನ್ನು ಬೇಡುತ್ತದೆ. 2011ರ ಜನಗಣತಿಯಲ್ಲಿ ಹಾಸನದ ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸಿನಲ್ಲಿತ್ತು. ಆದುದರಿಂದ ಸುತ್ತಣ ಹಳ್ಳಿಗಳನ್ನು ಸೇರಿಸಿಕೊಳ್ಳುವುದು ಅನಿವಾರ್ಯವೇ ಸರಿ. ಆ ಹಳ್ಳಿಗರಿಗೆ ಪೇಟೆಯ ದರದ ಕಂದಾಯದ ಚೀಟಿಯನ್ನು ಕಳುಹಿಸಲು ಬಹುಕಾಲ ಬೇಕಾಗದು. ಗೊರೂರಿನಿಂದ ಬರುವ ಹೇಮಾವತಿಯ ನೀರು ಅವರ ಬಾಗಿಲಿಗೆ ತಲಪುವುದು ಯಾವಾಗ?

ಇದಕ್ಕೆ ಉತ್ತರವು ಮರಾಮತ್ತು ಶಾಖೆಯ ಸಿಬ್ಬಂದಿಯಲ್ಲಿದೆ. ಅಂದಾಜುಪಟ್ಟಿ ತಯಾರಿಸುವವನೂ, ಟೆಂಡರು ಕರೆಯುವವನೂ, ಕೆಲಸದ ಮೇಲೆ ನಿಂತು ನೋಡುವವನೂ, ಅಳತೆಪುಸ್ತಕವನ್ನು ಬರೆದು ಬಿಲ್ಲಿಗೆ ರುಜು ಹಾಕುವವನೂ ಒಬ್ಬನೇ ಆದರೆ, ಆತನು ಎಷ್ಟೇ ದಕ್ಷನಾಗಿರಲಿ, ಮೇಜಿನ ಮುಂದೆ ಕುಳಿತೇ ರಸ್ತೆಯನ್ನು ಪರೀಕ್ಷಿಸಬೇಕಾಗುವುದು. ಆಗ ಗುತ್ತಿಗೆದಾರನ ಮೇಸ್ತ್ರಿಯೇ ನಿಜವಾದ ಇಂಜಿನಿಯರು. ಪೌರಕಾರ್ಮಿಕರ ವಿಷಯದಲ್ಲಿ 700 ಜನಕ್ಕೆ ಒಬ್ಬರೆಂಬ ಪ್ರಮಾಣವುಂಟು. ಇಂಜಿನಿಯರರಿಗೂ ನೀರು ಬಿಡುವವರಿಗೂ ರಸ್ತೆ, ಕೊಳಾಯಿಗಳ ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಂಡು ಹಾಗೆಯೇ ಒಂದು ಪ್ರಮಾಣವನ್ನು ಏಕೆ ಗೊತ್ತುಪಡಿಸಬಾರದು?

ವಿದ್ಯಾವಂತರಿಗೆ ಇಲ್ಲಿ ಕೊರತೆಯೆಂದು ಯಾರೂ ಹೇಳಲಾರರು. ಹಾಸನದಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರಿಂದ ನಡೆಯುತ್ತಿದೆ. ಸಿವಿಲ್ ಇಂಜಿನಿಯರಿಂಗಿನಲ್ಲಿ ಡಿಪ್ಲೊಮಾ ಪಡೆದ ಹೊಳೆನರಸೀಪುರ ತಾಲ್ಲೂಕಿನವರೊಬ್ಬರನ್ನು 1996ರಲ್ಲಿ ಪ್ರಧಾನಮಂತ್ರಿಯಾಗಿ ದೇಶಕ್ಕೆ ಕೊಟ್ಟ ಜಿಲ್ಲೆಯಿದು!

ನಮಗೆ ಇನ್ನೊಂದು ಶಂಕೆಯಿದೆ. ಹೊಸ ಪಾಲಿಕೆಗೆ ನೇಮಕಗಳು ತಡವಾದರೆ, ನಿಯೋಜನೆಯ ಹೆಸರಿನಲ್ಲಿ ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಪುರಸಭೆಗಳಿಂದಲೂ ಅರಕಲಗೂಡಿನ ಪಟ್ಟಣ ಪಂಚಾಯತಿಯಿಂದಲೂ ಇಂಜಿನಿಯರರನ್ನು ಎರವಲು ತರುವ ಆಸೆ ಹುಟ್ಟೀತು. ದೊಡ್ಡ ಮನೆಯ ಮದುವೆಗೆ ಬಡವನ ಮನೆಯ ಪಾತ್ರೆಗಳನ್ನೆಲ್ಲ ಹೊತ್ತುಕೊಂಡು ಹೋದಂತೆ ಇದು. ಅದಕ್ಕೆ ಪ್ರತಿಯಾಗಿ, ನಕಾಶೆ ತಯಾರಿಸುವ ಒಬ್ಬ ನುರಿತ ಇಂಜಿನಿಯರನ್ನೂ, ಜಲ್ಲಿ ಸಿಮೆಂಟುಗಳನ್ನು ಪರೀಕ್ಷಿಸುವ ಒಂದು ಶಾಲೆಯನ್ನೂ ಜಿಲ್ಲಾ ನಗರಾಭಿವೃದ್ಧಿ ಕೋಶದ ಅಧೀನದಲ್ಲಿ ಈ ಮೂರು ಊರುಗಳಿಗೆ ಸೇರಿಸಿ ಕೊಟ್ಟರೆ, ಒಂದೊಂದೇ ಊರು ಹೊರಲಾರದ ವೆಚ್ಚವು ಮೂರಕ್ಕೆ ಹಂಚಿಹೋಗುವುದು.

ಹಣದ ಮಾತು. 15ನೆಯ ಹಣಕಾಸು ಆಯೋಗವು 2021ರಿಂದ 2026ರವರೆಗೆ ಇಂತಹ ಊರುಗಳಿಗೆ ಕೊಡಿಸಿದ ಅನುದಾನದಲ್ಲಿ ನೂರಕ್ಕೆ 60 ಪಾಲು ನೀರು, ನೈರ್ಮಲ್ಯಗಳಿಗೆ ಮೀಸಲಾಯಿತು. ಉಳಿದ 40 ಪಾಲನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಅಂದರೆ ದೆಹಲಿಯ ಹಣದಿಂದ ನೀರಿನ ತೊಟ್ಟಿಯನ್ನು ಕಟ್ಟಬಹುದಿತ್ತು, ಅದನ್ನು ಕಾಯುವವನಿಗೆ ಸಂಬಳ ಕೊಡಲಾಗುತ್ತಿರಲಿಲ್ಲ. ಆ ಸಂಬಳವು ರಾಜ್ಯದ ಬೊಕ್ಕಸದಿಂದ ಬರಬೇಕು, ಇಲ್ಲವೆ ಪೌರರ ಕಂದಾಯದಿಂದ. ಕಂದಾಯ ಬಾಕಿ ಉಳಿಸಿಕೊಂಡು ಹೊಂಡಗಳ ಬಗೆಗೆ ದೂರುವ ಗೃಹಸ್ಥರು ಇದನ್ನು ಮನಗಾಣಬೇಕು.

ಶ್ರವಣಬೆಳಗೊಳದ 2018ರ ಮಹಾಮಸ್ತಕಾಭಿಷೇಕಕ್ಕಾಗಿ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ತಾತ್ಕಾಲಿಕ ನಗರಗಳನ್ನೇ ಕಟ್ಟಿ ನಿಲ್ಲಿಸಲಾಯಿತು. ಮನಸ್ಸಿದ್ದರೆ ನಮ್ಮ ಇಂಜಿನಿಯರರು ಏನು ಮಾಡಬಲ್ಲರೆಂಬುದಕ್ಕೆ ಅದು ಸಾಕ್ಷಿ. ಉತ್ಸವಕ್ಕೆ ದೊರೆಯುವ ಹಣವೂ ಜನರೂ ಉತ್ಸವವಿಲ್ಲದ ಮಳೆಗಾಲದ ಚರಂಡಿಗೆ ದೊರೆಯುವುದಿಲ್ಲ, ಅಷ್ಟೆ.

ಪಾಲಿಕೆಯ ಬರುವ ಮುಂಗಡಪತ್ರದಲ್ಲಿ ಹೊಸ ಕಾಮಗಾರಿಗಳಿಗಿಂತ ಮೊದಲು ದುರಸ್ತಿಗೆಂದು ಒಂದು ಪಾಲನ್ನು ಪ್ರತ್ಯೇಕವಾಗಿ ತೆಗೆದಿಡಬೇಕು. ಮಂಜೂರಾದ ಹುದ್ದೆಗಳೆಷ್ಟು, ತುಂಬಿದವೆಷ್ಟು, ಖಾಲಿ ಇರುವುವು ಎಂದಿನಿಂದ ಎಂಬ ಪಟ್ಟಿಯನ್ನು ಆಯುಕ್ತರು ಅದರೊಡನೆ ಪ್ರಕಟಿಸಲಿ. ಉಳಿದ ಮೂರು ಊರುಗಳ ಮುಖ್ಯಾಧಿಕಾರಿಗಳೂ ಹಾಗೆಯೇ ಮಾಡಲಿ.